ಪಾಪರ್ ಅರ್ಜಿ ಹಾಕಿದರೆ ಯಾರ್ಯಾರಿಗೆ ಗೊತ್ತಾಗುತ್ತದೆ? ಮುಂಬೈ ಕಡೆಯವರು ದಯವಿಟ್ಟು ಹೇಳಿ

ಕ್ಯಾಂಟೀನ್ ಡೊಂಬಿವಲಿ · ಭಾನುವಾರ ರಾತ್ರಿ 11.20

ಎಲ್ಲರಿಗೂ ನಮಸ್ಕಾರ. ನಿಜವಾದ ಹೆಸರು ಹಾಕುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ದಾದರ್‌ನಲ್ಲಿ ಹದಿನಾಲ್ಕು ವರ್ಷ ಒಂದು ಆಫೀಸಿನ ಕ್ಯಾಂಟೀನ್ ನಡೆಸಿದೆ. ಆಫೀಸು ಬೇರೆ ಕಡೆ ಹೋಯಿತು. ಹೊರಗಿನ ಗಿರಾಕಿ ನಂಬಿಕೊಂಡು ಎರಡು ವರ್ಷ ಎಳೆದೆ. ಎಂಟು ತಿಂಗಳ ಹಿಂದೆ ಶಟರ್ ಎಳೆದುಬಿಟ್ಟೆ. ಮನೆ ಡೊಂಬಿವಲಿಯಲ್ಲಿ, ಬಾಡಿಗೆಗೆ. ಸಾಲ ಒಟ್ಟು 31 ಲಕ್ಷ. ಎರಡು ಪರ್ಸನಲ್ ಲೋನ್, ಮೂರು ಕ್ರೆಡಿಟ್ ಕಾರ್ಡ್, ಮೊಬೈಲ್ ಆ್ಯಪ್‌ನಿಂದ ತೆಗೆದ ಒಂದಿಷ್ಟು, ಭಾವನ ಹತ್ತಿರ 4 ಲಕ್ಷ ಕೈಸಾಲ. ಈಗ ಒಬ್ಬ ಕೇಟರಿಂಗ್‌ನವರ ಹತ್ತಿರ 28 ಸಾವಿರಕ್ಕೆ ಕೆಲಸಕ್ಕಿದ್ದೇನೆ. ಬಡ್ಡಿಗೂ ಸಾಲುವುದಿಲ್ಲ.

ಪರಿಚಯದವರೊಬ್ಬರು ಪಾಪರ್ ಅರ್ಜಿ (ದಿವಾಳಿ ಅಂತ ಕೋರ್ಟಿಗೆ ಕೊಡುವ ಅರ್ಜಿ) ಹಾಕು, ಕೋರ್ಟೇ ನೋಡಿಕೊಳ್ಳುತ್ತದೆ ಅಂದರು. ಆದರೆ ನನಗೆ ಮಗಳಿದ್ದಾಳೆ. ಕುಂದಾಪುರ ಕಡೆಯಿಂದ ಒಂದು ಸಂಬಂಧ ಬಂದಿದೆ, ಮಾತು ನಡೀತಾ ಇದೆ. ನಮ್ಮ ಸಂಘದಲ್ಲಿ ನಾನು ಕಮಿಟಿಯಲ್ಲೂ ಇದ್ದೇನೆ. ಪೇಪರಿನಲ್ಲಿ ಹೆಸರು ಬರುತ್ತದಾ? ಯಾರ ಮನೆಗೆಲ್ಲ ಕಾಗದ ಹೋಗುತ್ತದೆ? ಹೆಸರು ಬಾರದ ಹಾಗೆ ಮಾಡಲಿಕ್ಕೆ ಆಗುತ್ತದಾ? ಹಣ ಹೋಯಿತು, ಅದು ಬೇರೆ ವಿಷಯ. ಮರ್ಯಾದೆ ಒಂದು ಉಳಿಯಲಿ ಅಂತ.

---

ಘನ್ಸೋಲಿ ಶೆಟ್ಟಿ · 11.34

ಅಣ್ಣ, ಹಾಕಬೇಡಿ. ಗೆಜೆಟ್‌ನಲ್ಲಿ ಹೆಸರು, ವಿಳಾಸ ಎಲ್ಲ ಬರುತ್ತದೆ. ಆಮೇಲೆ ಹೋಟೆಲ್ ಲೈನಿನಲ್ಲಿ ಯಾರೂ ಒಂದು ಮೂಟೆ ಅಕ್ಕಿ ಉದ್ದರಿ ಕೊಡುವುದಿಲ್ಲ.

---

ಹಿಂಜೆವಾಡಿ ಹುಡುಗ · 11.41

ಈಗ ಹೊಸ ಕಾಯ್ದೆ ಬಂದಿದೆ ಅಲ್ವಾ? ಐಬಿಸಿ ಅಂತ ದಿವಾಳಿ ಕಾಯ್ದೆ, 2016ರದ್ದು. ಎಲ್ಲ ಆನ್‌ಲೈನ್. ಕೋರ್ಟಿಗೆ ಅಲೆಯುವುದೇ ಬೇಡ ಅನಿಸುತ್ತದೆ.

---

ಥಾಣೆ ವಕೀಲೆ · ಸೋಮವಾರ ಬೆಳಗ್ಗೆ 7.05

ಹುಡುಗನ ಮಾತು ಅರ್ಧ ಸರಿ. ಐಬಿಸಿಯಲ್ಲಿ ವ್ಯಕ್ತಿಗಳ ದಿವಾಳಿಗೆ ಮೂರನೇ ಭಾಗ ಅಂತ ಇದೆ, ನಿಜ. ಆದರೆ ಅದು 2019ರ ಡಿಸೆಂಬರ್ 1ರಿಂದ ಜಾರಿಯಾಗಿರುವುದು ಕಂಪನಿಯ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ನಮ್ಮ ನಿಮ್ಮಂಥವರಿಗೆ ಈಗಲೂ ಹಳೆಯ ಕಾಯ್ದೆಗಳೇ. ಮುಂಬೈ, ಕೋಲ್ಕತ್ತಾ, ಚೆನ್ನೈ ನಗರಗಳಿಗೆ 1909ರ ಪ್ರೆಸಿಡೆನ್ಸಿ ಟೌನ್ಸ್ ಕಾಯ್ದೆ. ಥಾಣೆ, ಪುಣೆ ಕಡೆಯವರಿಗೆ 1920ರ ಪ್ರಾವಿನ್ಶಿಯಲ್ ಕಾಯ್ದೆ, ಜಿಲ್ಲಾ ಕೋರ್ಟಿನಲ್ಲಿ.

ಕ್ಯಾಂಟೀನ್ ಅಣ್ಣ, ನಿಮ್ಮ ಮನೆ ಡೊಂಬಿವಲಿ, ಅಂದರೆ ಥಾಣೆ ಜಿಲ್ಲೆ. ಆದರೆ ವ್ಯಾಪಾರ ದಾದರ್‌ನಲ್ಲಿತ್ತು. ಅರ್ಜಿ ಹಾಕುವ ಹಿಂದಿನ ಒಂದು ವರ್ಷದೊಳಗೆ ಮುಂಬೈಯಲ್ಲಿ ವ್ಯಾಪಾರ ಮಾಡಿದ್ದರೆ ಬಾಂಬೆ ಹೈಕೋರ್ಟಿನಲ್ಲೂ ಹಾಕಬಹುದು. ನಿಮಗೆ ಇನ್ನು ನಾಲ್ಕು ತಿಂಗಳು ಇದೆ. ಈ ಲೆಕ್ಕ ಮರೆಯಬೇಡಿ.

ಹೆಸರಿನ ಪ್ರಶ್ನೆಗೆ ನೇರ ಉತ್ತರ: ಬರುತ್ತದೆ. ಎರಡೂ ಕಾಯ್ದೆಯಲ್ಲಿ ದಿವಾಳಿ ಎಂದು ಕೋರ್ಟು ಆದೇಶ ಮಾಡಿದ ಮೇಲೆ ಹೆಸರು, ವಿಳಾಸ, ಉದ್ಯೋಗ ಸರಕಾರಿ ಗೆಜೆಟ್‌ನಲ್ಲಿ ಪ್ರಕಟವಾಗಲೇಬೇಕು. ಜೊತೆಗೆ ಕೋರ್ಟಿನ ನಿಯಮ ಹೇಳಿದ ಬೇರೆ ರೀತಿಯಲ್ಲೂ ಪ್ರಕಟಣೆ ಆಗಬಹುದು. ಹೆಸರಿಲ್ಲದ ಪಾಪರ್ ಚೀಟಿ ಅಂತ ಒಂದಿಲ್ಲ.

---

ಘನ್ಸೋಲಿ ಶೆಟ್ಟಿ · 7.20

ನಾನು ಅದೇ ಹೇಳಿದ್ದು.

---

ಮಾಟುಂಗಾ ರಾಯರು · 8.15

ಶೆಟ್ರೇ, ಗೆಜೆಟ್ ಅಂದಕೂಡಲೇ ಗಾಬರಿ ಮಾಡಬೇಡಿ. ನಾನು ಕೋರ್ಟಿನ ಕೆಲಸದಲ್ಲಿ ಮೂವತ್ತೊಂದು ವರ್ಷ ಇದ್ದು ನಿವೃತ್ತನಾದವನು. ಗೆಜೆಟ್ ಯಾರು ಓದುತ್ತಾರೆ ಹೇಳಿ? ನಮ್ಮ ಜನ ಬೆಳಗ್ಗೆ ಎದ್ದು ಶ್ರದ್ಧಾಂಜಲಿ ಪುಟ ನೋಡುತ್ತಾರೆ, ಗೆಜೆಟ್ ನೋಡುವುದಿಲ್ಲ.

ಆದರೆ ಗೆಜೆಟ್‌ಗಿಂತ ದೊಡ್ಡ ವಿಷಯಗಳಿವೆ, ಅವನ್ನು ಯಾರೂ ಹೇಳುವುದಿಲ್ಲ. 1909ರ ಕಾಯ್ದೆಯಲ್ಲಿ ಸಾರ್ವಜನಿಕ ವಿಚಾರಣೆ ಅಂತ ಒಂದಿದೆ. ತೆರೆದ ಕೋರ್ಟಿನಲ್ಲಿ ನಿಮ್ಮನ್ನು ನಿಲ್ಲಿಸಿ, ವ್ಯವಹಾರ ಹೇಗೆ ಮಾಡಿದಿರಿ, ಹಣ ಎಲ್ಲಿಗೆ ಹೋಯಿತು, ಆಸ್ತಿ ಏನಿದೆ ಅಂತ ಪ್ರಮಾಣ ಮಾಡಿಸಿ ಕೇಳುತ್ತಾರೆ. ಸಾಲ ಕೊಟ್ಟವರೂ ಪ್ರಶ್ನೆ ಕೇಳಬಹುದು. ಇನ್ನೊಂದು. ಅಫೀಶಿಯಲ್ ಅಸೈನಿ, ಅಂದರೆ ದಿವಾಳಿಯಾದವನ ಆಸ್ತಿ ನೋಡಿಕೊಳ್ಳುವ ಕೋರ್ಟಿನ ಅಧಿಕಾರಿ, ಕೇಳಿಕೊಂಡರೆ, ನಿಮ್ಮ ಹೆಸರಿಗೆ ಬರುವ ಅಂಚೆ ಪತ್ರಗಳನ್ನು ಮೂರು ತಿಂಗಳವರೆಗೆ ತನ್ನ ಕಚೇರಿಗೆ ತಿರುಗಿಸುವಂತೆ ಕೋರ್ಟು ಆದೇಶ ಮಾಡಬಹುದು. ಪತ್ರದ ಕಾಲದಲ್ಲಿ ಬರೆದ ಕಾಯ್ದೆ ಅದು. ಆದರೆ ಕಾಯ್ದೆ ಇನ್ನೂ ಇದೆ.

ಆ ಕಾಯ್ದೆ ಎಷ್ಟು ಹಳೆಯದು ಅಂದರೆ, ದಿವಾಳಿಯಾದವನು ಇಟ್ಟುಕೊಳ್ಳಬಹುದಾದ ಪಾತ್ರೆ, ಹಾಸಿಗೆ, ಬಟ್ಟೆ, ಕಸುಬಿನ ಸಾಮಾನು ಎಲ್ಲ ಸೇರಿ 300 ರೂಪಾಯಿ ಮೀರಬಾರದು ಅಂತ ಬರೆದಿದೆ. ಕೋರ್ಟು ದಿವಾಳಿತನದಿಂದ ಬಿಡುಗಡೆ ಕೊಡುವವರೆಗೆ ಯಾರ ಹತ್ತಿರವಾದರೂ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ತೆಗೆಯುವಾಗ "ನಾನು ದಿವಾಳಿ" ಅಂತ ಮೊದಲೇ ಹೇಳಬೇಕು. ಹೇಳದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು.

---

ಹಿಂಜೆವಾಡಿ ಹುಡುಗ · 8.22

50 ರೂಪಾಯಿನಾ? ಇಲ್ಲಿ ಒಂದು ಪ್ಲೇಟ್ ಮಿಸಳ್‌ಗೇ ಅದಕ್ಕಿಂತ ಜಾಸ್ತಿ!

---

ಮುಲುಂಡ್ ಅಕ್ಕ · 8.50

ರಾಯರೇ, ಅವರು ಮೊದಲೇ ಹೆದರಿದ್ದಾರೆ. ನೀವು ಇನ್ನಷ್ಟು ಹೆದರಿಸುತ್ತಿದ್ದೀರಿ.

---

ಮಾಟುಂಗಾ ರಾಯರು · 9.02

ಹೆದರಿಸುತ್ತಿಲ್ಲಮ್ಮ. ಗೊತ್ತಿಲ್ಲದೆ ಹೋಗಿ ಅಲ್ಲಿ ಕುಸಿಯುವುದಕ್ಕಿಂತ ಇಲ್ಲಿ ಕೂತು ತಿಳಿದುಕೊಳ್ಳುವುದು ಒಳ್ಳೆಯದು. ನಾನು ನೋಡಿದ್ದೇನೆ, ಪ್ರಶ್ನೆ ಶುರುವಾದಮೇಲೆ ಅಲ್ಲೇ ಅಳುತ್ತಾ ನಿಂತ ಜನರನ್ನು. ವಕೀಲರು ಅವರಿಗೆ ಮೊದಲೇ ಏನೂ ಹೇಳಿರುವುದಿಲ್ಲ.

---

ಚೆಂಬೂರ್ ಹಳಬ · 9.30

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಸಾಲ ತೆಗೆಯುವಾಗ ಎಲ್ಲರಿಗೂ ಗೊತ್ತಿತ್ತು. ಕೊಡಲಿಕ್ಕಾಗುವುದಿಲ್ಲ ಅನ್ನುವಾಗ ಮಾತ್ರ ಗುಟ್ಟು ಯಾಕೆ? ಕೊಟ್ಟವನಿಗೆ ಗೊತ್ತಾಗಬೇಡವಾ?

---

ಸಯನ್ ಸುಮನಾ · 9.37

ಗುಟ್ಟು ಬೇರೆ, ಮಾನ ಬೇರೆ. ಕೊಟ್ಟವರಿಗೆ ಗೊತ್ತಾಗಲಿ. ಕೆಳಗಿನ ಮಹಡಿಯವರಿಗೆ ಯಾಕೆ ಗೊತ್ತಾಗಬೇಕು?

---

ಘನ್ಸೋಲಿ ಶೆಟ್ಟಿ · 9.45

ಚೆಂಬೂರಿನವರೇ, ನಮ್ಮ ಹೋಟೆಲ್ ಲೈನ್ ನಿಮಗೆ ಗೊತ್ತಿಲ್ಲ. ಇಲ್ಲಿ ಬಂಡವಾಳ ಅಂದರೆ ಮಾತು. ಒಂದು ಹೋಟೆಲಿನವನು ಬಿದ್ದ ಅಂತ ಸುದ್ದಿ ಆದರೆ ಅವನ ತಮ್ಮನಿಗೂ ಜಾಗ ಸಿಗುವುದಿಲ್ಲ.

---

ಚೆಂಬೂರ್ ಹಳಬ · 10.10

ಗೊತ್ತಿಲ್ಲ ಅನ್ನಬೇಡಿ ಶೆಟ್ರೇ. ನನ್ನ ಕಥೆ ಹೇಳುತ್ತೇನೆ.

ನಾನು ಗಿರಣಿಯಲ್ಲಿ ಕೆಲಸ ಮಾಡಿದವನು. ಗಿರಣಿ ಮುಚ್ಚಿದಾಗ ಸಿಕ್ಕಿದ ಹಣದಲ್ಲಿ 2 ಲಕ್ಷವನ್ನು ನಮ್ಮ ಊರಿನವನೇ ಒಬ್ಬನಿಗೆ ಕೊಟ್ಟೆ. ಕಾಗದ ಇಲ್ಲ, ಬಡ್ಡಿ ಇಲ್ಲ. ಒಂದು ದಿನ ಹೋಗಿ ನೋಡಿದರೆ ಖೋಲಿಗೆ ಬೀಗ. ರಾತ್ರೋರಾತ್ರಿ ಸಂಸಾರ ಸಮೇತ ಹೋಗಿದ್ದ. ಅವನೂ ಮರ್ಯಾದೆಗೆ ಹೆದರಿಯೇ ಹೋದದ್ದು, ನನಗೆ ಗೊತ್ತು. ಕೆಟ್ಟವನಲ್ಲ. ಆದರೆ ಅವನು ಪಾಪರ್ ಅರ್ಜಿ ಹಾಕಿದ್ದರೆ ನನಗೊಂದು ನೋಟಿಸ್ ಬರುತ್ತಿತ್ತು. ಹತ್ತು ಪೈಸೆ ಸಿಗುತ್ತಿತ್ತೋ ಇಲ್ಲವೋ. ನನ್ನ ಹೆಸರು ಆ ಪಟ್ಟಿಯಲ್ಲಿ ಇರುತ್ತಿತ್ತು. ಇವನು ನನಗೆ ಕೊಡಬೇಕು ಅಂತ ಒಂದು ಕಾಗದವಾದರೂ ಹೇಳುತ್ತಿತ್ತು. ಹದಿನೆಂಟು ವರ್ಷ ಆಯಿತು, ಅವನು ಎಲ್ಲಿದ್ದಾನೆ ಗೊತ್ತಿಲ್ಲ.

ಅದಕ್ಕೇ ಹೇಳಿದ್ದು.

---

ಸಯನ್ ಸುಮನಾ · 10.18

ಕ್ಷಮಿಸಿ ಕಾಕಾ. ಇದು ಗೊತ್ತಿರಲಿಲ್ಲ.

---

ಕ್ಯಾಂಟೀನ್ ಡೊಂಬಿವಲಿ · 1.40

ಊಟದ ಹೊತ್ತಿನಲ್ಲಿ ಎಲ್ಲ ಓದಿದೆ. ಚೆಂಬೂರಿನವರ ಮಾತು ಎದೆಗೆ ತಾಗಿತು. ಭಾವನ 4 ಲಕ್ಷ ಇದೆಯಲ್ಲ, ಅದೂ ಕಾಗದ ಇಲ್ಲದ್ದೇ. ಅದನ್ನು ಅರ್ಜಿಯಲ್ಲಿ ತೋರಿಸದೆ ಬಿಟ್ಟರೆ ಆಗುವುದಿಲ್ಲವಾ? ಅಕ್ಕನಿಗೆ ಕೋರ್ಟಿನ ಕಾಗದ ಹೋಗುವುದು ನನಗೆ ಇಷ್ಟವಿಲ್ಲ. ಹೇಗಾದರೂ ಮಾಡಿ ಅವರದ್ದನ್ನು ಮೊದಲೇ ತೀರಿಸಿ ಆಮೇಲೆ ಅರ್ಜಿ ಹಾಕುವಾ ಅಂತಿದ್ದೇನೆ. ಹೆಂಡತಿಯ ಬಳೆ ಇದೆ.

---

ಥಾಣೆ ವಕೀಲೆ · 2.15

ಅಣ್ಣ, ಈ ಎರಡೂ ಬೇಡ. ದಯವಿಟ್ಟು ಪೂರ್ತಿ ಓದಿ.

ಪಟ್ಟಿಯಲ್ಲಿ ಸಾಲ ಕೊಟ್ಟ ಎಲ್ಲರ ಹೆಸರೂ ಇರಲೇಬೇಕು. ಬ್ಯಾಂಕು ಇರಲಿ, ಭಾವ ಇರಲಿ. ಬೇಕೆಂದು ಮುಚ್ಚಿಟ್ಟದ್ದು ಗೊತ್ತಾದರೆ ಅದೇ ಒಂದು ಅಪರಾಧ. ಬಿಡುಗಡೆ ಕೇಳುವಾಗಲೂ ಅದೇ ಅಡ್ಡ ಬರುತ್ತದೆ.

ಎರಡನೆಯದು. ದಿವಾಳಿ ಅರ್ಜಿಗೆ ಮೊದಲಿನ ಮೂರು ತಿಂಗಳೊಳಗೆ, ಉಳಿದವರನ್ನು ಬಿಟ್ಟು ಒಬ್ಬರಿಗೆ ಅನುಕೂಲ ಆಗಲಿ ಅಂತಲೇ ಹಣ ಕೊಟ್ಟರೆ, ಆ ಪಾವತಿಯೇ ರದ್ದಾಗುತ್ತದೆ. ಭಾವನ ಹತ್ತಿರ ಹೋಗಿ ಹಣ ವಾಪಸ್ ಕೇಳುತ್ತಾರೆ. ಆಗ ಅಕ್ಕನಿಗೆ ಬರುವ ಕಾಗದ ಇನ್ನೂ ಕೆಟ್ಟದು. ಹಾಗೆಯೇ ಎರಡು ವರ್ಷದೊಳಗೆ ಯಾರ ಹೆಸರಿಗಾದರೂ ಆಸ್ತಿ ಸುಮ್ನೆ ಬರೆದುಕೊಟ್ಟಿದ್ದರೆ ಅದನ್ನೂ ರದ್ದು ಮಾಡಿಸಬಹುದು. ಹೆಂಡತಿಯ ಬಳೆ ಹೆಂಡತಿಯದ್ದು. ಅವರ ತವರಿನದ್ದೋ ಅವರ ಸ್ವಂತದ್ದೋ ಆಗಿದ್ದರೆ ಅದಕ್ಕೆ ಕೈ ಹಾಕಬೇಡಿ.

---

ಪಿಂಪ್ರಿ ಪಾಟೀಲ · 2.40

ನಮ್ಮ ಕಡೆ ಭಿಶಿಯಲ್ಲಿ, ಅಂದರೆ ಚೀಟಿಯಲ್ಲಿ, ಹಾಕಿದ ಹಣ? ತಿಂಗಳಿಗೆ ಐದು ಸಾವಿರದ ಭಿಶಿ, ಇಪ್ಪತ್ತು ಜನ. ಮೊದಲೇ ಎತ್ತಿಕೊಂಡು ಈಗ ಕಟ್ಟಲಿಕ್ಕೆ ಆಗದಿದ್ದರೆ ಅದೂ ಪಟ್ಟಿಯಲ್ಲಿ ಬರುತ್ತದೇನ್ರೀ?

---

ಥಾಣೆ ವಕೀಲೆ · 2.52

ಕೊಡಬೇಕಾದದ್ದು ಕೊಡಬೇಕಾದದ್ದೇ ಪಾಟೀಲರೇ. ಬರೆಯಬೇಕು.

---

ಪಿಂಪ್ರಿ ಪಾಟೀಲ · 2.55

ಹಂಗಾದರೆ ಇಪ್ಪತ್ತು ಮನೆಗೂ ಡಂಗುರ ಆಯಿತು.

---

ವಾಸ್ಕೋ ಬಸಣ್ಣ · 4.10

ನಾನು ಗದಗದವ, ಗೋವಾಕ್ಕೆ ಬಂದು ಇಪ್ಪತ್ತೆರಡು ವರ್ಷ. ಇಲ್ಲಿಯ ಗೋವಾದವರಲ್ಲಿ ಒಂದು ಪದ್ಧತಿ ಇದೆ. ಪೋರ್ಚುಗೀಸರ ಕಾಲದ ಸಿವಿಲ್ ಕೋಡ್ ಪ್ರಕಾರ ಗಂಡ ಹೆಂಡತಿ ಆಸ್ತಿ ಇಬ್ಬರದ್ದೂ. ಮನೆ ಮಾರಬೇಕಾದರೆ ಇಬ್ಬರ ಸಹಿಯೂ ಬೇಕು. ಗಂಡ ಸಾಲದಲ್ಲಿ ಮುಳುಗಿದ್ದು ಹೆಂಡತಿಗೆ ಗೊತ್ತಿಲ್ಲದೆ ಮನೆ ಹೋಗುವುದು ಕಷ್ಟ. ನಮ್ಮಲ್ಲಿ ಹಾಗಿಲ್ಲ. ನನ್ನ ದೊಡ್ಡಪ್ಪ ಹೊಲ ಅಡವಿಟ್ಟದ್ದು ದೊಡ್ಡಮ್ಮನಿಗೆ ಗೊತ್ತಾದದ್ದು ಹರಾಜಿನ ದಿನ.

ಅಣ್ಣಾ, ನಿಮ್ಮ ಮನೆಯವರಿಗೆ ಹೇಳಿದ್ದೀರಾ?

---

ಕ್ಯಾಂಟೀನ್ ಡೊಂಬಿವಲಿ · 4.31

ಕ್ಯಾಂಟೀನ್ ಮುಚ್ಚಿದ್ದು ಗೊತ್ತು. 31 ಲಕ್ಷ ಅಂತ ಗೊತ್ತಿಲ್ಲ. 10 ಅಂದಿದ್ದೇನೆ.

---

ಸಯನ್ ಸುಮನಾ · 5.00

ಅಣ್ಣ, ನಾನು ಆ ಹೆಂಡತಿಯ ಜಾಗದಲ್ಲಿ ಇದ್ದವಳು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವರು ಮೂರು ವರ್ಷ ಮುಚ್ಚಿಟ್ಟರು. ಕಾರ್ಡಿನ ಬಿಲ್ಲು ಆಫೀಸಿಗೆ ಬರುವ ಹಾಗೆ ಮಾಡಿಕೊಂಡಿದ್ದರು. ನನಗೆ ಗೊತ್ತಾದದ್ದು ಯಾವುದೋ ವಸೂಲಿಯವನ ಬಾಯಿಂದ, ನಮ್ಮ ಬಿಲ್ಡಿಂಗಿನ ಲಿಫ್ಟ್ ಎದುರು, ಪಕ್ಕದ ಮನೆಯವರು ಕೈಯಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದಾಗ. ಸಾಲದ ಮೊತ್ತ ಕೇಳಿ ನನಗೆ ಅಷ್ಟು ನೋವಾಗಲಿಲ್ಲ. ಪಕ್ಕದ ಮನೆಯವರಿಗೂ ನನಗೂ ಒಂದೇ ಹೊತ್ತಿಗೆ ಗೊತ್ತಾಯಿತಲ್ಲ, ಅದು ಇವತ್ತಿಗೂ ನೋಯುತ್ತದೆ.

ಇವತ್ತೇ ಹೇಳಿ. ಊಟ ಆದಮೇಲೆ, ಟಿವಿ ಆರಿಸಿ.

---

ಮುಲುಂಡ್ ಅಕ್ಕ · 5.20

ನಾನು ಬ್ಯಾಂಕಿನಲ್ಲಿದ್ದವಳು, ಈಗ ನಿವೃತ್ತಿ. ವಸೂಲಿಯವರ ವಿಷಯಕ್ಕೆ ಹೇಳುತ್ತೇನೆ. ಲಿಫ್ಟ್ ಎದುರು ನಿಂತು ಹೀಗೆ ಹೇಳುವುದಕ್ಕೆ ಅವರಿಗೆ ಹಕ್ಕಿಲ್ಲ. ರಿಸರ್ವ್ ಬ್ಯಾಂಕು 2022ರ ಆಗಸ್ಟ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ: ಬೆಳಗ್ಗೆ 8ರ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು. ಬೆದರಿಸಬಾರದು, ಎಲ್ಲರ ಎದುರು ಅವಮಾನ ಮಾಡಬಾರದು. ಮನೆಯವರ, ಸ್ನೇಹಿತರ, ರೆಫರೆನ್ಸ್ ಕೊಟ್ಟವರ ಖಾಸಗಿತನಕ್ಕೆ ಕೈ ಹಾಕಬಾರದು. ಏಜೆಂಟು ಮಾಡಿದ್ದಕ್ಕೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ.

ಫೋಟೋ ಹಾಕುವ ಮಾತೂ ಹಾಗೇ. ಬೇಕೆಂದೇ ಸಾಲ ಕಟ್ಟದವರು, ಅಂದರೆ ವಿಲ್‌ಫುಲ್ ಡಿಫಾಲ್ಟರ್ ಎಂದು ಕ್ರಮಪ್ರಕಾರ ಘೋಷಿಸಿದವರ ಫೋಟೋ ಮಾತ್ರ ಬ್ಯಾಂಕು ಪ್ರಕಟಿಸಬಹುದು. ಆ ಪಟ್ಟಿಗೆ 25 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಇರುವವರು ಬರುತ್ತಾರೆ. ವ್ಯಾಪಾರ ಕೆಟ್ಟು ಕಟ್ಟಲಾಗದವರ ಫೋಟೋ ಹಾಕುವಂತಿಲ್ಲ.

---

ಪಿಂಪ್ರಿ ಪಾಟೀಲ · 5.45

ಆದರೆ ಮನೆ ಸಾಲ ಇದ್ದರೆ ಪೇಪರಿಗೆ ಬರುತ್ತದೆ ಅಕ್ಕಾ. ನಮ್ಮ ಸೊಸೈಟಿಯಲ್ಲಿ ಒಬ್ಬರ ಫ್ಲ್ಯಾಟ್ ಬಾಗಿಲಿಗೆ ನೋಟಿಸ್ ಅಂಟಿಸಿ ಹೋದರು. ಮರಾಠಿ ಪೇಪರಿನಲ್ಲೂ ಬಂತು. ನಾಲ್ಕು ದಿನ ಅವರ ಮಕ್ಕಳು ಕೆಳಗೆ ಆಡಲಿಕ್ಕೆ ಬರಲಿಲ್ಲ.

---

ಮುಲುಂಡ್ ಅಕ್ಕ · 5.58

ಹೌದು, ಅದು ಸರ್ಫೇಸಿ ಕಾಯ್ದೆ. ಅಡವಿಟ್ಟ ಆಸ್ತಿ ವಶಕ್ಕೆ ತೆಗೆದುಕೊಂಡರೆ ಬಾಗಿಲಿಗೆ ಅಂಟಿಸಬೇಕು, ಎರಡು ಪತ್ರಿಕೆಯಲ್ಲಿ ಹಾಕಬೇಕು, ಅದರಲ್ಲಿ ಒಂದು ಆ ಊರಿನ ಭಾಷೆಯದ್ದು. ತಿಳಿಯದೆ ಯಾರಾದರೂ ಆ ಮನೆ ಕೊಂಡುಬಿಟ್ಟರೆ ಅಂತ ಆ ನಿಯಮ. ಕ್ಯಾಂಟೀನ್ ಅಣ್ಣನದ್ದು ಅಡವಿಲ್ಲದ ಸಾಲ, ಬಾಡಿಗೆ ಮನೆ. ಅವರಿಗೆ ಇದು ಬರುವುದಿಲ್ಲ.

---

ಹಿಂಜೆವಾಡಿ ಹುಡುಗ · 6.30

ನನ್ನದೂ ಒಂದು ಡೌಟ್. ನನ್ನ ರೂಮ್‌ಮೇಟ್ ಸ್ನೇಹಿತನ ಕಂಪನಿಗೆ ಜಾಮೀನು ಹಾಕಿದ್ದಾನೆ. ಕಂಪನಿ ಮುಳುಗಿತು. ಅವನಿಗೆ ಐಬಿಸಿ ಅನ್ವಯ ಆಗುತ್ತದೆ ಅಂತಾಯಿತು. ಅವನ ಆಫೀಸಿಗೆ ಗೊತ್ತಾಗುತ್ತದಾ?

---

ಥಾಣೆ ವಕೀಲೆ · 7.15

ಅವರದ್ದು ಇನ್ನೂ ಜಾಸ್ತಿ ಬಹಿರಂಗ. ಅರ್ಜಿಯನ್ನು ಟ್ರಿಬ್ಯುನಲ್ ಒಪ್ಪಿಕೊಂಡ ಮೇಲೆ ಏಳು ದಿನದೊಳಗೆ ಸಾರ್ವಜನಿಕ ನೋಟಿಸ್. ಒಂದು ಇಂಗ್ಲಿಷ್ ಪತ್ರಿಕೆ, ಒಂದು ಸ್ಥಳೀಯ ಭಾಷೆಯ ಪತ್ರಿಕೆ, ಟ್ರಿಬ್ಯುನಲ್ ಆವರಣದಲ್ಲಿ ಒಂದು ಪ್ರತಿ, ಅದರ ವೆಬ್‌ಸೈಟಿನಲ್ಲೂ ಒಂದು. ಸಾಲ ಕೊಟ್ಟವರು 21 ದಿನದೊಳಗೆ ಬಂದು ಹೇಳಿಕೊಳ್ಳಲಿ ಅಂತ.

ಆದರೆ ರೆಸಲ್ಯೂಷನ್ ಪ್ರೊಫೆಷನಲ್, ಅಂದರೆ ಆ ಕೇಸು ನೋಡಿಕೊಳ್ಳಲು ನೇಮಕವಾದವರು, ಮನಸ್ಸಿಗೆ ಬಂದದ್ದನ್ನೆಲ್ಲ ಕೆದಕುವ ಹಾಗಿಲ್ಲ. 2023ರ ನವೆಂಬರ್‌ನಲ್ಲಿ ದಿಲೀಪ್ ಜಿವರಾಜ್ಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಅರ್ಜಿಗೆ ಸಂಬಂಧಪಟ್ಟ ಮಾಹಿತಿಯನ್ನಷ್ಟೇ ಅವರು ಕೇಳಬಹುದು ಅಂತಲೂ ಅದೇ ತೀರ್ಪು ಹೇಳಿತು.

ಆಫೀಸಿನ ವಿಷಯ: ಇ-ಕೋರ್ಟ್ಸ್‌ನಂಥ ತಾಣಗಳಲ್ಲಿ ಯಾರು ಬೇಕಾದರೂ ಪಕ್ಷಗಾರರ ಹೆಸರು ಹಾಕಿ ಕೇಸು ಹುಡುಕಬಹುದು. ಕೆಲಸಕ್ಕೆ ತೆಗೆದುಕೊಳ್ಳುವ ಮೊದಲು ಹಿನ್ನೆಲೆ ನೋಡುವ ಏಜೆನ್ಸಿಗಳು ಅದನ್ನೇ ಮಾಡುವುದು.

---

ಹಿಂಜೆವಾಡಿ ಹುಡುಗ · 7.21

ಡೇಟಾ ರಕ್ಷಣೆ ಕಾಯ್ದೆ ಬಂತಲ್ಲ 2023ರಲ್ಲಿ? ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. ಅದನ್ನು ಇಟ್ಟುಕೊಂಡು ಹೆಸರು ತೆಗೆಸಬಹುದಲ್ವಾ?

---

ಥಾಣೆ ವಕೀಲೆ · 7.40

ಅದೇ 2023ರ ಕಾಯ್ದೆಯ 17ನೇ ಸೆಕ್ಷನ್ ಓದು ತಮ್ಮ. ಬ್ಯಾಂಕಿನಂಥ ಸಂಸ್ಥೆಯ ಸಾಲ ಕಟ್ಟದೆ ಬಾಕಿ ಉಳಿಸಿಕೊಂಡವರ ಹಣಕಾಸು, ಆಸ್ತಿ, ಸಾಲ ತಿಳಿದುಕೊಳ್ಳುವ ಕೆಲಸಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ಬಾಕಿದಾರರಿಗೆ ಆ ಬಾಗಿಲು ಬಹಳ ಸಣ್ಣದು.

---

ಮಾಟುಂಗಾ ರಾಯರು · 8.05

ಹೆಸರು ಮುಚ್ಚಿಡುವ ಮಾತು ಬಂದದ್ದಕ್ಕೆ ನಮ್ಮ ಬಾಂಬೆ ಹೈಕೋರ್ಟಿನದೇ ಒಂದು ಹಳೆಯ ಕಥೆ. ಒಂದು ಮಾನನಷ್ಟ ಮೊಕದ್ದಮೆಯಲ್ಲಿ ಒಬ್ಬ ವ್ಯಾಪಾರಿ ಸಾಕ್ಷಿಗೆ ಬಂದ. ನನ್ನ ಹೇಳಿಕೆ ಪೇಪರಿನಲ್ಲಿ ಬಂದರೆ ವ್ಯಾಪಾರ ಕೆಡುತ್ತದೆ ಅಂತ ಕೇಳಿಕೊಂಡ. ಜಡ್ಜು ಪ್ರಕಟಿಸಬೇಡಿ ಅಂದರು. ಪತ್ರಕರ್ತರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮಿರಾಜ್‌ಕರ್ ಪ್ರಕರಣ, 1966. ಒಂಬತ್ತು ಜಡ್ಜುಗಳ ಪೀಠ. ಕೋರ್ಟು ತೆರೆದೇ ಇರಬೇಕು, ಆದರೆ ನ್ಯಾಯಕ್ಕೆ ಬೇಕೇಬೇಕು ಅನ್ನುವಾಗ ಹೈಕೋರ್ಟು ಪ್ರಕಟಣೆ ತಡೆಯಬಹುದು ಅಂತ ತೀರ್ಪಾಯಿತು.

ಆದರೆ ಆತ ಸಾಕ್ಷಿ. ದಿವಾಳಿ ಅರ್ಜಿದಾರನಿಗೆ ಅದು ಸಿಗುವುದು ಕಷ್ಟ. ಯಾಕೆಂದರೆ ಇಲ್ಲಿ ಪ್ರಕಟಣೆಯೇ ಕಾಯ್ದೆಯ ಹೊಟ್ಟೆಯಲ್ಲಿದೆ. ಚೆಂಬೂರಿನವರಂಥವರು ಬಂದು "ನನಗೂ ಕೊಡಬೇಕು" ಅನ್ನಲಿ ಅಂತಲೇ ಅದು ಇರುವುದು.

---

ಕ್ಯಾಂಟೀನ್ ಡೊಂಬಿವಲಿ · 10.50

ಒಂದು ವಿಷಯ ಮೊದಲು ಬರೆದಿರಲಿಲ್ಲ. ನಾಚಿಕೆಯಾಗಿ ಬರೆದಿರಲಿಲ್ಲ.

ಹದಿನೈದು ದಿನದ ಹಿಂದೆ ಆ ಆ್ಯಪ್‌ನವರು ನನ್ನ ಫೋಟೋದ ಮೇಲೆ "ಕಳ್ಳ" ಅಂತ ಹಿಂದಿಯಲ್ಲಿ ಬರೆದು ನನ್ನ ಫೋನಿನಲ್ಲಿದ್ದ ನಂಬರುಗಳಿಗೆ ಕಳಿಸಿದ್ದಾರೆ. ನನಗೆ ತಿಳಿದು ನಲವತ್ತು ಜನರಿಗೆ ಬಂದಿದೆ. ತರಕಾರಿಯವನಿಗೆ, ಸಂಘದ ಇಬ್ಬರಿಗೆ, ಮಗಳ ಆಫೀಸಿನ ಒಬ್ಬಳಿಗೆ. ಮಗಳು ಮನೆಗೆ ಬಂದು ಏನೂ ಕೇಳಲಿಲ್ಲ. ಅನ್ನ ಬಡಿಸಿಕೊಂಡು ಹೋಗಿ ಒಳಗೆ ಕೂತಳು. ಅವತ್ತಿನಿಂದ ನನಗೆ ರಾತ್ರಿ ನಿದ್ದೆ ಇಲ್ಲ. ಏನೇನೋ ಯೋಚನೆ ಬರುತ್ತದೆ.

---

ವಾಸ್ಕೋ ಬಸಣ್ಣ · 10.54

ಅಣ್ಣಾ, ಆ ಯೋಚನೆ ಬಂದಾಗ ಒಬ್ಬರೇ ಕೂರಬೇಡಿ. ಟೆಲಿ ಮಾನಸ್ ಅಂತ ಸರಕಾರದ್ದೇ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಈಗಲೇ ಮಾಡಿ. ನನಗೂ ಇಲ್ಲಿಯೇ ಮೆಸೇಜ್ ಹಾಕಿ, ಎದ್ದಿರುತ್ತೇನೆ.

---

ಥಾಣೆ ವಕೀಲೆ · 11.08

ಅಣ್ಣ, ಸ್ವಲ್ಪ ಸಮಾಧಾನವಾಗಿ ಓದಿ.

ನೀವು ಗೆಜೆಟ್‌ಗೆ ಹೆದರಿ ಕೂತಿದ್ದೀರಿ. ಅಷ್ಟರಲ್ಲಿ ನಿಮ್ಮ ಹೆಸರನ್ನು ಇವರು ಬೀದಿಗೆ ತಂದಾಯಿತು. ಗೆಜೆಟ್‌ನಲ್ಲಿ ಬರುವುದು ಹೆಸರು, ವಿಳಾಸ, ಕೋರ್ಟು, ತಾರೀಕು. ಅದರಲ್ಲಿ ಕಳ್ಳ ಅಂತ ಬರೆದಿರುವುದಿಲ್ಲ. ಮಗಳ ಆಫೀಸಿಗೆ ಅದನ್ನು ಯಾರೂ ಕಳಿಸುವುದಿಲ್ಲ. ಕೋರ್ಟು ಮಾಡುವ ಪ್ರಕಟಣೆಗೆ ಒಂದು ಅಳತೆ ಇದೆ. ಇವರು ಮಾಡಿದ್ದಕ್ಕೆ ಅಳತೆಯೇ ಇಲ್ಲ, ಕಾನೂನೂ ಇಲ್ಲ.

ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಫೋಟೋ, ಕರೆಗಳ ದಾಖಲೆ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಬಂದ ಎಲ್ಲ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಡಿ, ನಂಬರು, ತಾರೀಕು, ಹೊತ್ತು ಕಾಣುವ ಹಾಗೆ. ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ. ಆ ಆ್ಯಪ್ ಹಿಂದೆ ನೋಂದಾಯಿತ ಸಂಸ್ಥೆ ಇದ್ದರೆ ಮೊದಲು ಅವರಿಗೆ ಬರಹದಲ್ಲಿ ದೂರು ಕೊಡಿ. 30 ದಿನದೊಳಗೆ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ಕೇಳುವ ಅಧಿಕಾರಿ ಒಂಬುಡ್ಸ್‌ಮನ್‌ಗೆ. ಆ ದೂರಿಗೆ ಫೀಸಿಲ್ಲ, ವಕೀಲರೂ ಬೇಡ.

---

ಚೆಂಬೂರ್ ಹಳಬ · 11.15

ಆ ಮೆಸೇಜು ಕಳಿಸಿದವರು ಸಾಲ ಕೊಟ್ಟವರಲ್ಲ, ರೌಡಿಗಳು. ನನ್ನ 2 ಲಕ್ಷ ಹೋದಾಗಲೂ ನಾನು ಅವನ ಮಗಳ ಹೆಸರು ಎತ್ತಲಿಲ್ಲ. ಬೆಳಗ್ಗೆ ಬರೆದ ಮಾತು ನಿಮಗೆ ನೋವಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

---

ಘನ್ಸೋಲಿ ಶೆಟ್ಟಿ · 11.22

ಹಾಕಬೇಡಿ ಅಂತ ನಿನ್ನೆ ಬರೆದವನು ನಾನು. ಈಗ ಹಾಗೆ ಹೇಳುವುದಿಲ್ಲ. ನಮ್ಮಲ್ಲಿ ಬಿದ್ದು ಎದ್ದವರು ಎಷ್ಟು ಜನ ಇದ್ದಾರೆ. ನನ್ನ ಅಪ್ಪ ಎರಡು ಸಲ ಹೋಟೆಲು ಕಳೆದುಕೊಂಡು ಮತ್ತೆ ಗ್ಲಾಸು ತೊಳೆಯುವುದರಿಂದ ಶುರು ಮಾಡಿದವರು.

---

ಪಿಂಪ್ರಿ ಪಾಟೀಲ · ಮಂಗಳವಾರ ಬೆಳಗ್ಗೆ 7.30

ಜೈಲಿಗೆ ಹಾಕುತ್ತೇವೆ ಅಂತ ವಸೂಲಿಯವರು ಹೇಳುತ್ತಾರಲ್ಲ, ಅದು ಹೇಗೆ?

---

ಮಾಟುಂಗಾ ರಾಯರು · 7.55

ಕೊಡಲು ಶಕ್ತಿಯೇ ಇಲ್ಲದವನನ್ನು ಬರೀ ಸಾಲಕ್ಕಾಗಿ ಜೈಲಿಗೆ ಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟು 1980ರಲ್ಲೇ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಹೇಳಿದೆ. ಹಣ ಇದ್ದೂ ಮೋಸದಿಂದ ಕೊಡದಿದ್ದರೆ ಮಾತು ಬೇರೆ. ಹಣ ಕೊಡಿ ಅನ್ನುವ ಕೋರ್ಟಿನ ಡಿಕ್ರಿಗೆ ಹೆಂಗಸರನ್ನಂತೂ ಬಂಧಿಸುವಂತೆಯೇ ಇಲ್ಲ. ಚೆಕ್ ಬೌನ್ಸ್ ಕೇಸು ಮಾತ್ರ ಬೇರೆ ದಾರಿ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

---

ಮುಲುಂಡ್ ಅಕ್ಕ · 8.20

ಅಣ್ಣನ ಸಂಬಳದ ಲೆಕ್ಕ ರಾತ್ರಿ ಹಾಕಿದೆ. ಕೋರ್ಟು ಡಿಕ್ರಿಗೆ ಸಂಬಳ ಜಪ್ತಿ ಮಾಡಿದರೂ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಭಾಗ ಮುಟ್ಟುವ ಹಾಗಿಲ್ಲ. 28 ಸಾವಿರದಲ್ಲಿ 19 ಸಾವಿರ ಕೈಯಲ್ಲಿ ಉಳಿಯುತ್ತದೆ. ಆದರೆ ಆ ಆದೇಶ ನೇರ ಧಣಿಯ ಕೈಗೆ ಹೋಗುತ್ತದೆ. ಅಲ್ಲಿ ಗುಟ್ಟು ಉಳಿಯುವುದಿಲ್ಲ. ಧಣಿಗೆ ಮೊದಲೇ ಒಂದು ಮಾತು ಹೇಳಿಡುವುದು ಒಳ್ಳೆಯದು.

ಇನ್ನೊಂದು ದಾರಿಯೂ ನೋಡಿ. ಬ್ಯಾಂಕುಗಳ ಹತ್ತಿರ ಕೂತು ಒಂದೇ ಕಂತಿನ ಇತ್ಯರ್ಥ ಮಾಡಿಕೊಂಡರೆ ಗೆಜೆಟ್ ಇಲ್ಲ, ಕೋರ್ಟಿಲ್ಲ. ಸಿಬಿಲ್‌ನ ಸಾಲದ ದಾಖಲೆಯಲ್ಲಿ "ಸೆಟಲ್ಡ್" ಅಂತ ಬೀಳುತ್ತದೆ, ಅದು ಸಾಲ ಕೊಡುವ ಸಂಸ್ಥೆಗಳಿಗೆ ಕಾಣುತ್ತದೆ, ಊರಿಗೆಲ್ಲ ಕಾಣುವುದಿಲ್ಲ. ಲೋಕ ಅದಾಲತ್‌ನಲ್ಲೂ ಮಾಡಿಕೊಳ್ಳಬಹುದು.

---

ಘನ್ಸೋಲಿ ಶೆಟ್ಟಿ · 8.31

ಇತ್ಯರ್ಥಕ್ಕೆ ಒಂದೇ ಸಲ ಕೊಡಲಿಕ್ಕೆ ದುಡ್ಡು ಎಲ್ಲಿಂದ ತರುತ್ತಾರೆ ಅಕ್ಕ?

---

ಮುಲುಂಡ್ ಅಕ್ಕ · 8.40

ಅದು ಸರಿ. ಎಲ್ಲರದ್ದೂ ಆಗುವುದಿಲ್ಲ. ಆ್ಯಪ್‌ನವರದ್ದು ಮತ್ತು ಒಂದು ಕಾರ್ಡು ಮುಗಿದರೂ ಉಸಿರು ಸಿಗುತ್ತದೆ ಅಂತ ಹೇಳಿದೆ. ಪಾಪರ್ ಅರ್ಜಿಯನ್ನೇ ಹಾಕುವುದಾದರೆ ಇದನ್ನೂ ವಕೀಲರನ್ನು ಕೇಳದೆ ಮಾಡಬೇಡಿ, ಆ ಮೂರು ತಿಂಗಳ ಲೆಕ್ಕ ಇದೆ.

---

ಕ್ಯಾಂಟೀನ್ ಡೊಂಬಿವಲಿ · ಬುಧವಾರ ರಾತ್ರಿ 9.45

ಬಸಣ್ಣ, ಅವತ್ತು ರಾತ್ರಿ ಫೋನ್ ಮಾಡಿದೆ. ಒಬ್ಬ ಹುಡುಗಿ ಅರ್ಧ ಗಂಟೆ ಮಾತಾಡಿದಳು. ಆಮೇಲೆ ಸ್ವಲ್ಪ ನಿದ್ದೆ ಬಂತು.

ನಿನ್ನೆ ಹೆಂಡತಿಗೆ ಪೂರ್ತಿ ಹೇಳಿದೆ. 31 ಅಂದೆ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 10 ಅಂತ ಯಾಕೆ ಹೇಳಿದಿರಿ, ಅದೊಂದೇ ಕೇಳಿದಳು. ಸುಮನಾ ಅವರೇ, ನೀವು ಬರೆದದ್ದನ್ನು ಅವಳಿಗೆ ಓದಿ ಹೇಳಿದೆ.

ಮಗಳಿಗೆ ಎಲ್ಲ ಗೊತ್ತಿತ್ತು. ಆ ಹುಡುಗನಿಗೆ ಅವಳೇ ಹೇಳಿದ್ದಾಳೆ, ಮೆಸೇಜು ಬಂದ ಮಾರನೇ ದಿನವೇ. ಅವರ ಮನೆಯವರು ಏನು ಅನ್ನುತ್ತಾರೋ ಇನ್ನೂ ಗೊತ್ತಿಲ್ಲ.

ಭಾನುವಾರ ಕಲ್ಯಾಣ್ ಊರಿಗೆ ಹೋಗಿ ಅಕ್ಕ ಭಾವನ ಎದುರು ಕೂತು ಹೇಳುತ್ತೇನೆ. ಕೋರ್ಟಿನ ಕಾಗದ ಬರುವ ಮೊದಲು ನನ್ನ ಬಾಯಿಂದಲೇ ಕೇಳಲಿ. ಅರ್ಜಿ ಹಾಕುವುದು ಅಂತ ಮಾಡಿದ್ದೇನೆ. ವಕೀಲರ ಫೀಸಿನದೇ ಚಿಂತೆ.

---

ಥಾಣೆ ವಕೀಲೆ · 9.58

ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಮಹಾರಾಷ್ಟ್ರದಲ್ಲಿ ವರ್ಷಕ್ಕೆ 3 ಲಕ್ಷದೊಳಗಿನ ಆದಾಯ ಇದ್ದವರಿಗೆ ಉಚಿತ ವಕೀಲರು ಸಿಗುತ್ತಾರೆ. ನಿಮ್ಮದು ಸ್ವಲ್ಪ ಮೇಲಾಗುತ್ತದೆ, ಆದರೆ ಕಳೆದ ವರ್ಷದ ಲೆಕ್ಕ ತೆಗೆದುಕೊಂಡು ಹೋಗಿ ವಿಚಾರಿಸಿ. ಸಹಾಯವಾಣಿ 15100. ಆಗದಿದ್ದರೆ ನನಗೆ ಬರೆಯಿರಿ, ಅರ್ಜಿ ಬರೆದುಕೊಡುತ್ತೇನೆ. ಫೀಸಿನ ಮಾತು ಆಮೇಲೆ.

---

ಮಾಟುಂಗಾ ರಾಯರು · 10.12

ಹೈಕೋರ್ಟಿಗೆ ಮೊದಲ ದಿನ ಒಬ್ಬರೇ ಹೋಗಬೇಡಿ. ಯಾವ ಕಿಟಕಿ, ಯಾವ ಮಹಡಿ ಅಂತ ನನಗೆ ಗೊತ್ತಿದೆ. ಸೋಮವಾರ ಹತ್ತು ಗಂಟೆಗೆ ಸಿಎಸ್‌ಎಂಟಿ ಸ್ಟೇಷನ್ನಿನಲ್ಲಿ ಇಂಡಿಕೇಟರ್ ಕೆಳಗೆ ನಿಂತಿರುತ್ತೇನೆ. ಬಿಳಿ ಅಂಗಿ, ಕೈಯಲ್ಲಿ ಕೊಡೆ. ಬ್ಯಾಂಕ್ ಸ್ಟೇಟ್‌ಮೆಂಟು, ಕಾರ್ಡಿನ ಬಿಲ್ಲು, ಕ್ಯಾಂಟೀನಿನ ಹಳೇ ಲೆಕ್ಕದ ಪುಸ್ತಕ ಎಲ್ಲ ತನ್ನಿ.

---

ಕ್ಯಾಂಟೀನ್ ಡೊಂಬಿವಲಿ · 10.20

ಬರುತ್ತೇನೆ ರಾಯರೇ. ಹೆಂಡತಿಯೂ ಬರುತ್ತಾಳಂತೆ.

---

ಪಿಂಪ್ರಿ ಪಾಟೀಲ · 10.26

ಲೆಕ್ಕದ ಪುಸ್ತಕ ಕನ್ನಡದಲ್ಲಿದ್ದರೆ ನಡೆಯುತ್ತದೇನ್ರೀ, ಇಂಗ್ಲಿಷಿಗೆ ಮಾಡಿಸಬೇಕಾ?

---

ಮಾಟುಂಗಾ ರಾಯರು · 10.31

ಅನುವಾದ ಬೇಕಾಗುತ್ತದೆ. ಮೂಲ ಪುಸ್ತಕವನ್ನು ಮಾತ್ರ ಹರಿಯದ ಹಾಗೆ ತನ್ನಿ.

---

ಸಯನ್ ಸುಮನಾ · 10.33

ಕನ್ನಡದಿಂದ ಇಂಗ್ಲಿಷಿಗೆ ನಾನು ಬರೆದುಕೊಡುತ್ತೇನೆ. ಪುಟಗಳ ಫೋಟೋ ತೆಗೆದು ನನಗೆ ಮಾತ್ರ ಕಳಿಸಿ, ಇಲ್ಲಿ ಎಲ್ಲರ ಎದುರು ಹಾಕಬೇಡಿ.